ಉಯ್ಯಾಲೆಯ ನಟ್ಟು

ಅಪ್ಪಾ,

ನೀನು ಹೋದ ಮೇಲೆ ಇವತ್ತೇ ಮೊದಲ ಸಲ ಮಗಳನ್ನು ನಮ್ಮ ಭಾನುವಾರದ ಪಾರ್ಕಿಗೆ ಕರೆದುಕೊಂಡು ಹೋದೆ. ಜೇಬಿನಲ್ಲಿ ನಿನ್ನ ಸ್ಪ್ಯಾನರ್ ಇತ್ತು.

ವಾರವೆಲ್ಲ ಗ್ಯಾರೇಜಿನಲ್ಲಿ ದುಡಿದರೂ ನೀನು ಉಯ್ಯಾಲೆಯ ನಟ್ಟು ಬಿಗಿ ಮಾಡದೆ ಯಾವ ಮಗುವನ್ನೂ ಕೂರಲು ಬಿಡುತ್ತಿರಲಿಲ್ಲ. "ರಜಾ ದಿನಾನೂ ಕೈ ಸುಮ್ನಿರಲ್ವಾ ನಿಮ್ಗೆ?" ಎಂದು ಅಮ್ಮ ಗೊಣಗುತ್ತಿದ್ದಳು. ನನ್ನ ಗೆಳೆಯರು ನಗುತ್ತಿದ್ದರು. ನಾನು ದೂರದ ಬೆಂಚಿನಲ್ಲಿ, ನೀನು ಯಾರೋ ಎಂಬಂತೆ ಕೂರುತ್ತಿದ್ದೆ. ಅದು ಗೊತ್ತಿದ್ದೇ ಏನೋ, ನೀನೂ ಅಲ್ಲಿ ನನ್ನನ್ನು ಕರೆಯುತ್ತಿರಲಿಲ್ಲ.

ಇವತ್ತು ನಾನು ನಟ್ಟು ಬಿಗಿ ಮಾಡುವಾಗಲೂ ಮಕ್ಕಳು ನಕ್ಕರು. ಅಳುಕುತ್ತಲೇ ಮಗಳ ಕಡೆ ನೋಡಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು, "ಏಯ್, ತಡೀರೋ! ನಮ್ಮಪ್ಪ ನೋಡಿ ಹೇಳೋವರೆಗೂ ಯಾರೂ ಹತ್ತಂಗಿಲ್ಲ!" ಎಂದಳು.

ಮೊದಲು ನಾನೇ ಕೂತು ನೋಡಿದೆ. ಹಿಂದಿನಿಂದ ಅವಳು ಜೋರಾಗಿ ತಳ್ಳಿದಳು.