ನೀವೇ ಓದಿಕೊಳ್ಳಿ ಎಂದು ಬಿಟ್ಟ ಪಾಠ

ಕೆಳಕೋಲಾರ, ಹಳೆಯ ಚಿನ್ನದ ಗಣಿಯ ತಳ
ಕ್ರಿಸ್ತಶಕ ೨೩೮೧, ಫೆಬ್ರವರಿ ೩೦

ನನಗಿಂತ ಮುನ್ನೂರೈವತ್ತು ವರ್ಷ ಮೊದಲು ಬದುಕಿರುವವರಿಗೆ ಹೊನ್ನಕ್ಕನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಇಲ್ಲಿಂದ ಸೂರ್ಯನೂ ಕಾಣುವುದಿಲ್ಲ, ಚಂದ್ರನೂ ಕಾಣುವುದಿಲ್ಲ, ಆದ್ದರಿಂದ ಎಲ್ಲ ತಿಂಗಳಿಗೂ ಮೂವತ್ತೇ ದಿನ ಎಂದು ಇಟ್ಟುಕೊಂಡಿದ್ದೇವೆ. ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ದನಿಗಳನ್ನು ಕೇಳಿ ಕೇಳಿ ಕಲಿತ ಭಾಷೆ ಇದು. ನನಗೆ ಎಪ್ಪತ್ತು ದಾಟಿದೆ. ತಲೆ ಪೂರ್ತಿ ನೆರೆತಿದೆ, ಮಂಡಿ ಹಿಡಿದುಕೊಂಡೇ ಏಳಬೇಕು. ಎತ್ತರದಲ್ಲಿ ಮಾತ್ರ ನಿಮ್ಮ ಐದನೆಯ ತರಗತಿಯ ಹುಡುಗಿಯಷ್ಟಿದ್ದೇನೆ, ದನಿಯೂ ಆ ಹುಡುಗಿಯದೇ. ನನ್ನೊಬ್ಬಳ ಕಥೆಯಲ್ಲ ಇದು. ಇಲ್ಲಿ ಹೆಂಗಸರು, ಗಂಡಸರು, ಹಣ್ಣು ಮುದುಕರು ಎಲ್ಲರೂ ಹೀಗೆಯೇ ಇದ್ದೇವೆ.

ಮೇಲಿನ ನೆಲ ಕಾದ ಹಂಚಿನಂತಾದಾಗ ನಮ್ಮ ಹಿರಿಯರು ಗಣಿಗೆ ಇಳಿದರು. ಇಳಿದವರಿಗೆ ಗಾಳಿಯೂ ಸಾಲದು, ರಾಗಿಯೂ ಸಾಲದು. ಚಿಕ್ಕ ದೇಹ ಕಡಿಮೆ ಉಣ್ಣುತ್ತದೆ, ಕಡಿಮೆ ಉಸಿರಾಡುತ್ತದೆ ಎಂದು ಯಾರೋ ಬುದ್ಧಿವಂತರು ಕಂಡುಕೊಂಡರು. ಅಂದಿನಿಂದ ಮಕ್ಕಳಿಗೆ ಹತ್ತು ತುಂಬುತ್ತಲೇ ನಾಲಿಗೆಯ ಮೇಲೆ ನಿಲುಹನಿ ಬಿಡುವುದು ಶುರುವಾಯಿತು. ಆ ಹನಿ ಬಿದ್ದ ದೇಹ ಅಲ್ಲಿಗೇ ನಿಲ್ಲುತ್ತದೆ. ವಯಸ್ಸಾಗುತ್ತದೆ, ಬೆಳವಣಿಗೆ ಆಗುವುದಿಲ್ಲ. ಇನ್ನು ಹೆರುವವರು ಯಾರು ಎಂದು ನೀವು ಕೇಳಬಹುದು. ಹಿಂದಿನವರು ಕಾದಿಟ್ಟ ಬಿತ್ತದಿಂದ ಗಾಜಿನ ಬಸಿರಲ್ಲಿ ಕೂಸು ಬೆಳೆಯುವ ಬಿತ್ತಕೋಣೆ ಇದೆ. ಹುಟ್ಟಿದ ಕೂಸನ್ನು ಒಬ್ಬೊಬ್ಬ ಹಿರಿಯರ ಮಡಿಲಿಗೆ ಹಾಕುತ್ತಾರೆ. ನಮ್ಮ ಬಾಗಿಲು, ಮಂಚ, ಮೆಟ್ಟಿಲು ಎಲ್ಲವನ್ನೂ ನಮ್ಮ ಎತ್ತರಕ್ಕೇ ಕೊರೆದಿದ್ದಾರೆ. ಮುದ್ದೆಗೂ ಒಂದೇ ಅಚ್ಚು, ಅಂಗಿಗೂ ಒಂದೇ ಅಳತೆ. ಐದು ತಲೆಮಾರು ಹೀಗೆಯೇ ಕಳೆದವು, ಅದರಲ್ಲಿ ವಿಚಿತ್ರವೇನೂ ನಮಗೆ ಕಾಣಲಿಲ್ಲ.

ನಾನು ನೆನಪುಕೋಣೆಯವಳು. ನಿಮ್ಮ ಕಾಲದ ಪುಸ್ತಕಗಳನ್ನು ಗೆದ್ದಲು ತಿಂದವು. ಉಳಿದದ್ದು ದನಿಗಳು, ಮತ್ತು ಕೆಲವು ಚಲಿಸುವ ಚಿತ್ರಗಳು. ಅವುಗಳನ್ನು ಕಾಪಾಡುವುದು ನನ್ನ ಕೆಲಸ. ಆ ಚಿತ್ರಗಳಲ್ಲಿ ಮೀಸೆ ಹೊತ್ತ ಎತ್ತರದ ಗಂಡಸರಿದ್ದಾರೆ, ದುಂಡಗಿನ ಮೈಯ ಹೆಂಗಸರಿದ್ದಾರೆ, ಅವರ ಕಾಲ ಬುಡದಲ್ಲಿ ನಮ್ಮಂಥ ಚಿಕ್ಕವರೂ ಇದ್ದಾರೆ. ಚಿಕ್ಕವರು ದೊಡ್ಡವರಾಗುವ ನಡುವಿನ ಕಾಲ ಮಾತ್ರ, ಒಂದು ಚಿತ್ರ ಬಿಟ್ಟರೆ, ಎಲ್ಲೂ ಕಾಣುವುದಿಲ್ಲ. ಆ ವಯಸ್ಸಿನ ಮಕ್ಕಳು ಕ್ಯಾಮೆರಾ ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದರೋ ಏನೋ. ಹೀಗಾಗಿ ದೊಡ್ಡವರೂ ಚಿಕ್ಕವರೂ ಎರಡು ಬೇರೆ ಬೇರೆ ಕುಲದ ಜನ, ಒಂದೇ ಮನೆಯಲ್ಲಿ ಇರುತ್ತಿದ್ದರು, ಎಂದು ನಮ್ಮವರು ನಂಬಿಕೊಂಡಿದ್ದಾರೆ.

ನಾಲ್ಕು ವರ್ಷದ ಹಿಂದೆ ಹನಿ ಮುಗಿಯಿತು. ಅದನ್ನು ಕಾಯಿಸುವ ಯಂತ್ರ ಕೆಟ್ಟಿತು, ರಿಪೇರಿ ಗೊತ್ತಿದ್ದವರು ಎಂದೋ ಸತ್ತಿದ್ದರು. ಹನಿ ಇಲ್ಲದ ಮಕ್ಕಳಿಗೆ ಏನಾದೀತು ಎಂದು ಯಾರೂ ಯೋಚಿಸಲಿಲ್ಲ. ಆಗಬೇಕಾದದ್ದು ಆಗತೊಡಗಿತು.

ಮೊದಲು ಚೌಡೇಶನಿಗೆ. ಅಣಬೆ ಬೆಳೆಯುವ ಓಣಿಯ ಹುಡುಗ, ಹಾಡಿನಲ್ಲಿ ಮುಂದು. ಒಂದು ದಿನ ಹಾಡುತ್ತಿದ್ದಂತೆಯೇ ಅವನ ದನಿ ಒಡೆದು, ಕೆಳಕ್ಕೆ ಬಿದ್ದು, ಮತ್ತೆ ಕೀಚಲಾಯಿತು. ಮಕ್ಕಳು ನಕ್ಕವು. ಆಮೇಲೆ ಅವನು ಉದ್ದವಾಗುತ್ತ ಹೋದ. ಹೋದಲ್ಲೆಲ್ಲ ಬಾಗಿಲಿಗೆ ಹಣೆ ಬಡಿಯುತ್ತಿತ್ತು, ಮಂಚದಿಂದ ಕಾಲು ಹೊರಗೆ ಚಾಚುತ್ತಿತ್ತು, ಎರಡು ಮುದ್ದೆ ಉಂಡರೂ ಹಸಿವು ಎನ್ನುತ್ತಿದ್ದ. ಮುಖದಲ್ಲಿ ಗುಳ್ಳೆಗಳೆದ್ದವು, ಬೆವರಿನ ವಾಸನೆ ಬದಲಾಯಿತು, ಕಂಕುಳಲ್ಲೂ ತುಟಿಯ ಮೇಲೂ ಕಪ್ಪು ಕೂದಲು ಮೂಡಿತು. ಆ ಕೂದಲನ್ನು ಅವನು ಕಲ್ಲಿನಿಂದ ಉಜ್ಜಿ ಉಜ್ಜಿ ತುಟಿ ಹುಣ್ಣು ಮಾಡಿಕೊಂಡಿದ್ದ. ನಮ್ಮ ಹಿರೇಕೂಟದ ಯಜಮಾನ ದೊರೆಸ್ವಾಮಿ ಇದು ಅಂಟುರೋಗ ಎಂದ. ಒಂದು ಬಿಂದಿಗೆ ನೀರು ಕೊಟ್ಟು ಚೌಡೇಶನನ್ನು ಲಿಫ್ಟಿನಲ್ಲಿ ಮೇಲಿನ ನೆಲಕ್ಕೆ ಕಳಿಸಿದರು. ಲಿಫ್ಟ್ ಖಾಲಿ ಇಳಿಯಿತು. ಆ ಹುಡುಗನ ಹಾಡು ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಈಗ ಸೊಡರಿಯ ಸರದಿ. ಸೊಡರಿ ನಾನು ಸಾಕಿದ ಕೂಸು, ನನ್ನನ್ನು ಅಜ್ಜಿ ಎನ್ನುತ್ತಾಳೆ. ಬಾಯಿ ಬಡಕಿ, ನನ್ನ ಕನ್ನಡವನ್ನು ಅಣಕಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಹೋದ ವರ್ಷ ಎದೆ ನೋಯುತ್ತದೆ ಎಂದಳು. ಊತ ಕಂಡು ನನ್ನ ಜೀವ ಬಾಯಿಗೆ ಬಂತು, ಗಂಟುರೋಗ ಎಂದುಕೊಂಡು ಬಿಸಿ ಉಪ್ಪಿನ ಶಾಖ ಕೊಟ್ಟೆ. ಆಮೇಲೆ ಸೊಂಟ ಅಗಲವಾಯಿತು, ಅಂಗಿ ಬಿಗಿಯಾಯಿತು. ಸುಮ್ಮಸುಮ್ಮನೆ ಅಳುವಳು, ಮರುಗಳಿಗೆಗೆ ನಗುವಳು. ಯಾರಿಗೂ ಹೇಳದೆ ನನ್ನ ಹಳೆಯ ಸೀರೆಯಿಂದ ಅವಳಿಗೆ ಸಡಿಲವಾದ ಅಂಗಿ ಹೊಲಿದೆ. ಮೊನ್ನೆ ನೀರುಕಟ್ಟೆಯ ಹತ್ತಿರ ಅವಳ ಬಟ್ಟೆಯಲ್ಲಿ ರಕ್ತ ಕಾಣಿಸಿತು. ಗಾಯವಿಲ್ಲ, ಬಿದ್ದಿಲ್ಲ, ರಕ್ತ ಮಾತ್ರ ನಿಲ್ಲುತ್ತಿಲ್ಲ. ಸುತ್ತಲಿದ್ದವರೆಲ್ಲ ಬಿಂದಿಗೆ ಬಿಟ್ಟು ಓಡಿದರು.

ಹಿರೇಕೂಟ ಸೇರಿತು. ದೊರೆಸ್ವಾಮಿ ನನ್ನ ಕೋಣೆಯದೇ ಒಂದು ಚಿತ್ರ ಹಾಕಿಸಿದ. ದನಿ ಅಳಿಸಿಹೋದ ಚಿತ್ರ ಅದು. ಮನೆಯ ಹೊರಗೆ ಹಸಿರು ಗರಿಗಳ ಗುಡಿಸಲು, ಅದರೊಳಗೆ ಸೊಡರಿಯ ವಯಸ್ಸಿನ ಹುಡುಗಿ. ಅವಳಿಗೆ ಬೇರೆ ತಟ್ಟೆ, ಬೇರೆ ಚಾಪೆ. ಕೆನ್ನೆಗೆ ಅರಿಶಿನ ಬಳಿಯುತ್ತಾರೆ, ಕಪ್ಪು ಉಂಡೆ ತಿನ್ನಿಸುತ್ತಾರೆ, ಆರತಿ ಎತ್ತುತ್ತಾರೆ. ಹುಡುಗಿ ತಲೆ ಎತ್ತುವುದಿಲ್ಲ. ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಅದು ಏನೆಂದು ನಿಮಗೆ ನೋಡಿದ ಕೂಡಲೇ ತಿಳಿಯುತ್ತದೆ. ದೊರೆಸ್ವಾಮಿಗೆ ತಿಳಿದದ್ದು ಬೇರೆ. “ನೋಡ್ರಿ, ನಮ್ ಪುರಾತನರೂ ಇಂಥವರ್ನ ಹೊರಗಿಟ್ಟು, ಉಣ್ಣಿಸಿ, ಕಳಿಸಿಕೊಟ್ಟವ್ರೆ. ಸುಮ್ನೆ ಮಾಡ್ತಾರಾ?” ಎಂದ.

ನಾನು ಬಿಡಲಿಲ್ಲ. ಚಿತ್ರದ ಮೂಲೆಯಲ್ಲಿ ಇನ್ನೊಬ್ಬ ಹೆಂಗಸು ಬಾಯಿ ತುಂಬ ನಗುತ್ತಿದ್ದಾಳೆ, ಸಾಯಲು ಹೊರಟವಳ ಮುಂದೆ ಯಾರಾದರೂ ಹಾಗೆ ನಗುತ್ತಾರೆಯೇ ಎಂದು ಕೇಳಿದೆ. ನಿಮ್ಮ ಕಾಲದ ಶಾಲೆಯ ದನಿಗಳಲ್ಲಿ ಇದರದೇ ಪಾಠವಿದೆ ಎಂದೆ. ಮಕ್ಕಳೆಲ್ಲ ಮನೆಯಲ್ಲೇ ಕುಳಿತು ಫೋನಿನಲ್ಲಿ ಪಾಠ ಕೇಳುತ್ತಿದ್ದ ಒಂದು ವರ್ಷದ ದನಿಗಳು ನಮ್ಮಲ್ಲಿ ಪೂರ್ತಿ ಉಳಿದಿವೆ. ಅದರಲ್ಲಿ ಎಂಟನೆಯ ತರಗತಿಯ ವಿಜ್ಞಾನದ ಪಾಠದ ಹೆಸರು ‘ಹದಿಹರೆಯದಲ್ಲಿ ಹುಡುಗ ಹುಡುಗಿಯರ ದೇಹದ ಬದಲಾವಣೆಗಳು’. ಆ ಹೆಸರಿನ ಮೇಲೆ ನಾನು ಜೀವ ಇಟ್ಟುಕೊಂಡಿದ್ದೆ. ರೋಗವಾಗಿದ್ದರೆ ಎಲ್ಲ ಮಕ್ಕಳಿಗೂ ಪಾಠ ಮಾಡುತ್ತಿದ್ದರೇ, ಇದು ಎಲ್ಲರಿಗೂ ಆಗುವ ಸಂಗತಿಯೇ ಇರಬೇಕು ಎಂದು ವಾದಿಸಿದೆ. “ಪಾಠದಲ್ಲಿ ಏನೈತೆ, ಕೇಳ್ಸು ಮತ್ತೆ” ಎಂದ ದೊರೆಸ್ವಾಮಿ. ಹಿಂದಿನ ರಾತ್ರಿಯಷ್ಟೇ ಆ ಹೆಸರು ಕಣ್ಣಿಗೆ ಬಿದ್ದಿತ್ತು, ಕೇಳುವ ಪುರುಸೊತ್ತು ನನಗೆ ಸಿಕ್ಕಿರಲಿಲ್ಲ. ಎಲ್ಲರ ಎದುರೇ ಹಾಕಿದೆ.

ಮೇಷ್ಟರ ದನಿ ಬಂತು. ಪಾಠದ ಹೆಸರು ಓದಿದರು. ಒಂದು ಸಲ ಕೆಮ್ಮಿದರು. ಯಾರೋ ಹುಡುಗರು ಕಿಸಕ್ಕೆಂದರು. “ಇದು ನೀವೇ ಮನೇಲಿ ಓದ್ಕೊಳ್ಳಿ. ಪರೀಕ್ಷೆಗೇನೂ ಬರಲ್ಲ. ಮುಂದಿನ ಪಾಠ ತೆಗೀರಿ, ಬಲ ಮತ್ತು ಒತ್ತಡ” ಎಂದರು. ಅಷ್ಟೇ. ಬೇರೆ ಶಾಲೆಯ ದನಿ ಹುಡುಕಿ ಹಾಕಿದೆ, ಅಲ್ಲಿ ಮೇಡಂ ಒಬ್ಬರು ಹುಡುಗಿಯರಿಗೆ ಆಮೇಲೆ ಹೇಳ್ತೀನಿ ಎಂದರು, ಆಮೇಲೆ ಎನ್ನುವುದು ಆ ದನಿಯಲ್ಲಿ ಬರಲೇ ಇಲ್ಲ. ಹುಡುಗರ ಮಾತನ್ನಂತೂ ಯಾರೂ ಎತ್ತಲಿಲ್ಲ. ಮೂರನೆಯದನ್ನು ಹಾಕಿದೆ, ಅದೂ ಹಾಗೆಯೇ ಮುಗಿಯಿತು. ದೊರೆಸ್ವಾಮಿ ಗದರಲಿಲ್ಲ, ಮೆಲ್ಲಗೆ ಹೇಳಿದ: “ಕೇಳ್ದ್ಯಾ ಹೊನ್ನಕ್ಕ? ಬಾಯಲ್ಲಿ ಹೇಳೋಕೂ ಅಂಜವ್ರೆ. ಅಷ್ಟು ಕೆಟ್ಟದ್ದು ಇರ್ಬೇಕು ಇದು.” ಅವನು ಕ್ರೂರಿಯಲ್ಲ. ನಿಜವಾಗಿ ಹೆದರಿದ್ದಾನೆ, ಉಳಿದ ಮಕ್ಕಳನ್ನು ಕಾಪಾಡುತ್ತಿದ್ದೇನೆ ಎಂದೇ ತಿಳಿದಿದ್ದಾನೆ.

ನನಗೆ ನಿಮ್ಮ ಮೇಲೆ ಕೋಪ ಬಂದದ್ದು ಆಗ. ಇಷ್ಟು ಮಾತನಾಡಿದ ಜನ ನೀವು. ಅಡುಗೆ, ಕ್ರಿಕೆಟ್, ಚುನಾವಣೆ, ನೆರೆಮನೆಯವರ ಮದುವೆ, ಬಾಯಿಗೆ ಬಿಡುವೇ ಇರಲಿಲ್ಲ ನಿಮಗೆ. ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ಮೈಗೆ ಏನಾಗುತ್ತದೆ ಎಂದು ಹೇಳುವಾಗ ಮಾತ್ರ ಕೆಮ್ಮು ಬಂತು. ನಾಚಿಕೆಯಂತೆ. ಆ ನಾಚಿಕೆ ನನ್ನ ಕೂಸಿನ ಕುತ್ತಿಗೆಗೆ ಬಂದಿದೆ.

ಲಿಫ್ಟಿನ ಬಾಯಲ್ಲಿ ಅವಳಿಗೆ ಗುಡಿಸಲು ಹಾಕಿದ್ದಾರೆ. ತೆಂಗಿನ ಗರಿ ಎಲ್ಲಿಂದ ತರಬೇಕು, ಹಸಿರು ಬಣ್ಣ ಬಳಿದ ಕಾಗದವನ್ನು ಕತ್ತರಿಸಿ ಕಟ್ಟಿದ್ದಾರೆ. ಬೇರೆ ತಟ್ಟೆ, ಬೇರೆ ಚಾಪೆ, ರಾಗಿ ಹಿಟ್ಟಿಗೆ ಮಸಿ ಕಲಸಿದ ಕಪ್ಪು ಉಂಡೆ, ಯಾವುದಕ್ಕೂ ಕೊರತೆಯಿಲ್ಲ. ನಾಳೆ ಬೆಳಗಿನ ಗಂಟೆಗೆ ಲಿಫ್ಟ್ ಏರುತ್ತದೆ. ನಾನೂ ಅವಳೊಂದಿಗೆ ಏರುತ್ತೇನೆ. ಬೇಡ ಎಂದರು, ನನ್ನ ಮಂಡಿ ಇಲ್ಲಿಯೂ ನೋಯುತ್ತದೆ, ಅಲ್ಲಿಯೂ ನೋಯುತ್ತದೆ ಎಂದೆ.

ಈ ಓಲೆ ಹಿಮ್ಮುಖಿ ಎಂಬ ಯಂತ್ರದ ಮೂಲಕ ಬರುತ್ತಿದೆ. ಮಾತು ಅದರಲ್ಲಿ ಹಿಂದಕ್ಕೆ ಹೋಗುತ್ತದೆ, ಮುಂದಕ್ಕೆ ಏನೂ ಬರುವುದಿಲ್ಲ. ನೀವು ನನಗೆ ಉತ್ತರ ಬರೆಯಲಾರಿರಿ. ನಮ್ಮವರೆಗೆ ಉತ್ತರ ಬರುವುದಾದರೆ ಒಂದೇ ದಾರಿ. ನೀವು ನಿಮ್ಮ ಮಗನಿಗೆ ಹೇಳಬೇಕು, ಮಗಳಿಗೆ ಹೇಳಬೇಕು. ಅವರು ದೊಡ್ಡವರಾಗಿ ತಮ್ಮ ಮಕ್ಕಳಿಗೆ ಹೇಳಬೇಕು. ಹಾಗೆ ಬಾಯಿಂದ ಬಾಯಿಗೆ ದಾಟಿದ ಮಾತು ಗಣಿಗೂ ಇಳಿದೀತು. ಆಗಲೂ ನಮ್ಮಿಬ್ಬರಿಗೆ ತಡವಾದೀತೇನೋ, ಆದರೆ ಇಲ್ಲಿ ಹನ್ನೊಂದಕ್ಕೆ ಕಾಲಿಟ್ಟ ಮಕ್ಕಳು ಇನ್ನೂ ಇದ್ದಾರೆ.

ಈಗ ಸೊಡರಿಯ ಪಕ್ಕದಲ್ಲೇ ಕುಳಿತು ಬರೆಯುತ್ತಿದ್ದೇನೆ. ಅಣಕಿಸುವುದನ್ನು ನಿಲ್ಲಿಸಿದ್ದಾಳೆ. ಹೊಟ್ಟೆ ಹಿಡಿದುಕೊಂಡು ಮಲಗಿದ್ದಾಳೆ, ಹಳೆಯ ಸೀರೆ ಹರಿದು ಮಡಿಸಿ ಕೊಟ್ಟಿದ್ದೇನೆ, ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಕೇಳಿದಳು: “ಅಜ್ಜೀ, ಇದು ಯಾವಾಗ ನಿಂತೋಯ್ತದೆ? ನಾನು ಸತ್ತೋಯ್ತೀನಾ?”

ಗೊತ್ತಿಲ್ಲ ಕೂಸೇ ಎಂದೆ. ನಿಮಗೆ ಗೊತ್ತು. ನಿಮ್ಮ ಮನೆಯಲ್ಲಿ ಆ ವಯಸ್ಸಿನ ಮಗು ಇದ್ದರೆ ಓಲೆಯನ್ನು ಇಲ್ಲಿಗೇ ಬಿಟ್ಟು, ಎದ್ದು ಹೋಗಿ ಅದಕ್ಕೆ ಹೇಳಿ.

ಹೊನ್ನಕ್ಕ