ಸೂಗಮ್ಮ ಹೇಳಿದ್ದು

ನಾಚಾರಂ, ಹೈದರಾಬಾದ್
9 ಜನವರಿ 2009

ಪ್ರಹ್ಲಾದರಾಯರಿಗೆ,

ನಲಿನಿಯ ನಮಸ್ಕಾರ. ಗಂಡನ ಹೆಸರನ್ನು ಹೆಂಡತಿ ಬರೆಯಬಾರದು ಎನ್ನುತ್ತಿದ್ದ ನಿಮ್ಮ ತಾಯಿ ಈಗಿಲ್ಲ. ನೀವೂ ಈ ಮನೆ ಬಿಟ್ಟು ವರ್ಷವಾಯಿತು. ಆದ್ದರಿಂದ ಧಾರಾಳವಾಗಿ ಬರೆದಿದ್ದೇನೆ.

ನಿಮ್ಮ ವಿದ್ಯಾರ್ಥಿನಿ ವನಜಾ ಆಮಂತ್ರಣ ಕೊಟ್ಟು ಹೋದಳು. ಕನ್ನಡ ಸಂಘದವರು ಭಾನುವಾರ ನಿಮಗೆ ಶಾಲು ಹೊದಿಸುತ್ತಾರಂತೆ. ಕಾನೂನು ಕಾಲೇಜಿನಲ್ಲಿ ಬಡವರಿಗೆಂದು ಕಾನೂನು ಸಲಹೆಯ ಕ್ಲಿನಿಕ್ ತೆರೆದು, ಮಾತನಾಡುವ ಹಕ್ಕು, ಸರ್ಕಾರದ ಕಡತ ನೋಡುವ ಹಕ್ಕು ಎರಡನ್ನೂ ಪುಕ್ಕಟೆ ಕಾಪಾಡಿದ್ದಕ್ಕೆ. ಸೂಗಮ್ಮನನ್ನೂ ವೇದಿಕೆಗೆ ಕರೆತರಬೇಕು, ಅವಳು ಎರಡು ಮಾತಾಡಬೇಕು ಎಂದು ಹೇಳಿ ಕಳಿಸಿದ್ದೀರಿ. ಅವಳು ಬರುವುದಿಲ್ಲ. ಏಕೆ ಎಂದು ಹೇಳಲು ಈ ಕಾಗದ.

ಹಾರ ಹಾಕಿಸಿಕೊಳ್ಳುವವರಿಗೆ ಮರೆವು ಜಾಸ್ತಿ, ಹಾಗಾಗಿ ಮೊದಲಿನಿಂದ ಬರೆಯುತ್ತೇನೆ. ಸೂಗಮ್ಮ ನಮ್ಮ ಓಣಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವವಳು, ಜೇವರ್ಗಿ ಕಡೆಯವಳು. ಅವಳ ಗಂಡ ಶಾಂತಪ್ಪ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಸಿಡಿದು ಸತ್ತ. ಅವನು ನಮ್ಮ ಕೆಲಸಗಾರನೇ ಅಲ್ಲ ಎಂದರು ಕಾರ್ಖಾನೆಯವರು. ಆ ಬಾಯ್ಲರನ್ನು ಯಾರಾದರೂ ಎಂದಾದರೂ ತಪಾಸಣೆ ಮಾಡಿದ್ದರೇ ಎಂದು ಕೇಳಿ, ಮಾಹಿತಿ ಹಕ್ಕಿನ ಅರ್ಜಿ ಬರೆದವರು ನೀವು. ಅದನ್ನು ನಿಮ್ಮ ಹೆಸರಿನಲ್ಲೇ ಹಾಕಬಹುದಿತ್ತು. ಯಾವ ನಾಗರಿಕ ಕೇಳಿದರೂ ಕೊಡು ಎನ್ನುತ್ತದೆ ಕಾನೂನು. ವಿಧವೆ ಕೇಳಿದರೆ ತೂಕ ಬರುತ್ತದೆ ಎಂದು ಅವಳ ಹೆಬ್ಬೆಟ್ಟು ಒತ್ತಿಸಿದಿರಿ.

ಬಾಯ್ಲರ್ ತಪಾಸಣೆಯ ಸರ್ಕಾರಿ ಕಚೇರಿಯವರು ನಿಯಮದಂತೆ ಕಾರ್ಖಾನೆಗೆ ಪತ್ರ ಬರೆದು, ಈ ಮಾಹಿತಿ ಕೊಡಲು ನಿಮ್ಮ ಆಕ್ಷೇಪಣೆ ಇದೆಯೇ ಎಂದು ಕೇಳಿದರು. ಕೇಳಿದವಳು ಸೂಗಮ್ಮ ಎಂಬುದೂ ಅದರ ಜೊತೆಗೇ ಹೋಯಿತು. ವಾರದೊಳಗೆ ಮ್ಯಾನೇಜರ್ ಅವಳ ಬಾಗಿಲಲ್ಲಿ ನಿಂತಿದ್ದ. ಬೈಯಲಿಲ್ಲ, ಬೆದರಿಸಲಿಲ್ಲ. ಅರ್ಜಿ ವಾಪಸು ತೆಗೆದುಕೊಂಡರೆ ಮಗ ವೈಜನಾಥನಿಗೆ ಕಾಯಂ ನೌಕರಿ ಕೊಡುತ್ತೇವೆ ಎಂದ.

ಅದನ್ನು ಹೇಳಲಿಕ್ಕೇ ಅವಳು ನನ್ನ ಜೊತೆ ನಿಮ್ಮ ಕ್ಲಿನಿಕ್ಕಿಗೆ ಬಂದದ್ದು. ನಿಮ್ಮ ವಿದ್ಯಾರ್ಥಿಗಳಿಗೆ ಕನ್ನಡ ಬಾರದು. ಸೂಗಮ್ಮನ ತೆಲುಗು ರೊಟ್ಟಿ ಮಾರುವುದಕ್ಕೆ ಸಾಕು, ಕಷ್ಟ ಹೇಳಿಕೊಳ್ಳಲು ಸಾಲದು. ಅವಳು ಸೆರಗು ಹಿಡಿದುಕೊಂಡು ಹೇಳಿದಳು: "ನನಗ ನ್ಯಾಯ ಬ್ಯಾಡ್ರಿ ಸಾಹೇಬ್ರ. ಹೋದಾಂವ ಹೋದ. ಹುಡುಗಂದು ಒಂದು ನೌಕ್ರಿ ಆದ್ರ ಸಾಕು. ಅರ್ಜಿ ವಾಪಸ್ ತಗೋರಿ, ನಿಮ್ಮ ಕಾಲಿಗಿ ಬೀಳ್ತೀನಿ."

ನೀವು ಕನ್ನಡಕ ಒರೆಸಿಕೊಂಡು ವಿದ್ಯಾರ್ಥಿಗಳ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದಿರಿ: ಈ ತಾಯಿಗೆ ನೌಕರಿಯ ಆಸೆ ತೋರಿಸಿದ್ದಾರೆ, ಇವಳು ಕಾಲಿನಿಂದ ಒದ್ದಿದ್ದಾಳೆ, ಕೊನೆಯ ತನಕ ಹೋರಾಡುತ್ತಾಳಂತೆ. ವನಜಾ ಅಳುತ್ತಾ ಅವಳ ಕೈ ಹಿಡಿದುಕೊಂಡಳು. ತನ್ನ ಮಾತು ನಡೆಯಿತೆಂದು ತಿಳಿದು ಸೂಗಮ್ಮನೂ ಅತ್ತಳು. ಆಮೇಲೆ ನೀವು ಅವಳಿಗೆ ಕನ್ನಡದಲ್ಲಿ, "ನೋಡೋಣ ತಗೋರಿ. ಪೇಪರಿನವರು ಬಂದ್ರ ಏನೂ ಮಾತಾಡಬ್ಯಾಡ್ರಿ, ಕೇಸು ಕೆಡತದ" ಎಂದಿರಿ. ಮಾತಿನ ಹಕ್ಕು ಕಾಯುವ ಕ್ಲಿನಿಕ್ ಅವಳಿಗೆ ಕೊಟ್ಟ ಸಲಹೆ ಅದೊಂದೇ.

ನಾನೇಕೆ ಅಲ್ಲೇ ಬಾಯಿ ತೆರೆಯಲಿಲ್ಲ ಎನ್ನುತ್ತೀರಿ. ಹತ್ತು ಮಂದಿಯೆದುರು ಗಂಡನನ್ನು ಸುಳ್ಳುಗಾರ ಎನ್ನುವ ಧೈರ್ಯ ಆಗ ಇರಲಿಲ್ಲ. ಮನೆಗೆ ಬಂದು ಕೇಳಿದ್ದಕ್ಕೆ, "ಒಬ್ಬಾಕಿ ಮಗನ ನೌಕ್ರಿಕಿಂತ ಸಾವಿರ ಮಂದಿ ಜೀವ ದೊಡ್ಡದು" ಎಂದಿರಿ. ಮಾತು ದೊಡ್ಡದೇ, ಒಪ್ಪುತ್ತೇನೆ. ಅದನ್ನು ಅವಳ ಮುಖ ನೋಡಿ ಹೇಳಬೇಕಿತ್ತು. ನಿಮ್ಮ ಮೇಲೆ ನನಗೆ ಹೇಸಿಗೆ ಹುಟ್ಟಿದ್ದು ಆಗ.

ಗೆದ್ದಿರಿ. ಆ ಬಾಯ್ಲರನ್ನು ಯಾರೂ ನೋಡಿಯೇ ಇರಲಿಲ್ಲ ಎಂದು ಸರ್ಕಾರ ಬರೆದುಕೊಟ್ಟಿತು, ಪೇಪರಿನಲ್ಲಿ ನಿಮ್ಮ ಫೋಟೋ ಬಂತು. ವೈಜನಾಥನನ್ನು ನಾಚಾರದ ಯಾವ ಕಾರ್ಖಾನೆಯ ಗೇಟೂ ಒಳಗೆ ಬಿಡಲಿಲ್ಲ. ಈಗ ಕೋಠಿ ಪೇಟೆಯಲ್ಲಿ ಬಟ್ಟೆಯ ಗಂಟು ಹೊರುತ್ತಾನೆ. ಕುಡಿದು ಬಂದು, ಅಪ್ಪನ ಹೆಣದ ಮೇಲೆ ಹೆಸರು ಮಾಡಿಕೊಂಡೆ ಎಂದು ತಾಯಿಗೆ ಹೊಡೆಯುತ್ತಾನೆ. ಕಳೆದ ವಾರ ಅವಳ ಮುಂದಿನ ಎರಡು ಹಲ್ಲು ಹೋದವು. ತುಟಿ ಇನ್ನೂ ಊದಿಕೊಂಡಿದೆ, ಮಾತು ಸರಿಯಾಗಿ ಹೊರಡುವುದಿಲ್ಲ.

ನಿಮ್ಮನ್ನು ಮಾತ್ರ ಈಗಲೂ ದೇವರು ಎನ್ನುತ್ತಾಳೆ. ಒಮ್ಮೆ ಕೊಟ್ಟ ಅರ್ಜಿಯನ್ನು ಸರ್ಕಾರ ವಾಪಸು ಕೊಡುವುದಿಲ್ಲ ಎಂದು ನೀವು ಹೇಳಿ ಕಳಿಸಿದ್ದನ್ನು ನಂಬಿದ್ದಾಳೆ. ಅದು ಸುಳ್ಳೆಂದು ನಾನೂ ಬಿಡಿಸಿ ಹೇಳಿಲ್ಲ. ಭಾನುವಾರ ಶಾಲು ಹೊದ್ದುಕೊಳ್ಳಿ, ಚಳಿಗೆ ಉಪಯೋಗಕ್ಕೆ ಬರುತ್ತದೆ. ಅವಳ ಎರಡು ಮಾತನ್ನೂ ನೀವೇ ಆಡಿಬಿಡಿ, ನಿಮಗೆ ರೂಢಿಯಿದೆ.

ಕಾಗದದ ಮಟ್ಟಿಗೆ ಇನ್ನೂ ನಿಮ್ಮ ಹೆಂಡತಿಯಾದ,
ನಲಿನಿ

ತಾ.ಕ.: ನಿಮ್ಮ ಕಾಲೇಜಿನಲ್ಲಿ ಜವಾನನ ಕೆಲಸ ಖಾಲಿ ಇದೆಯೆಂದು ವನಜಾ ಸೂಗಮ್ಮನಿಗೆ ತಿಳಿಸಿದ್ದಳಂತೆ. ಹೋದ ವಾರ ನನ್ನ ಹತ್ತಿರ ಬಂದು, "ಸಾಹೇಬ್ರು ಒಂದು ಮಾತು ಹೇಳಿದ್ರ ಹುಡುಗ ಸುಧಾರಸ್ತಾನ್ರಿ ಅಕ್ಕಾರ, ಅವರಿಗಿ ಬರೀರಿ" ಎಂದು ಬೇಡಿಕೊಂಡಳು. ಅವಳು ಇನ್ನೊಮ್ಮೆ ನಿಮ್ಮ ಮುಂದೆ ಕೈ ಚಾಚುವುದು ನನಗೆ ಬೇಡವಾಗಿತ್ತು. ಬರೆಯಲಿಲ್ಲ. ಆದರೆ ಅವಳಿಗೆ ಮೊನ್ನೆ, "ಬರೆದಿದ್ದೆ, ಆಗುವುದಿಲ್ಲ ಎಂದು ಸಾಹೇಬರ ಉತ್ತರ ಬಂತು" ಎಂದು ಹೇಳಿದೆ. ನಂಬಿದಳು. ಆ ಕೆಲಸಕ್ಕೆ ಹೆಸರು ಕೊಡುವ ಕೊನೆಯ ದಿನ ನಿನ್ನೆ ಮುಗಿಯಿತು.