ಎರಡನೇ ಪಿಟೀಲು

ಉರಿಗಾಂ
೧೮-೩-೧೯೫೮

ಚಿ. ಸೌ. ಗಂಗರತ್ನಳಿಗೆ ನಿನ್ನ ಅಪ್ಪನ ಮನಸಾರೆ ಆಶೀರ್ವಾದ.

ನಾವಿಬ್ಬರೂ ಚೆನ್ನಾಗಿದ್ದೀವಿ ಕಣಮ್ಮ. ಕಾಗದ ತಡವಾಯ್ತು, ಬೇಜಾರು ಮಾಡ್ಕೋಬೇಡ. ಗಣಿಯಲ್ಲಿ ಪಾಳಿ ಬದಲಾಗಿ, ಪೆನ್ನು ಹಿಡಿದರೆ ಸಾಕು ನಿದ್ದೆ ಎಳೆಯುತ್ತೆ. ನಿಮ್ಮ ಕಂದು ಹಸು ಕರು ಹಾಕ್ತಾ?

ಗ್ರೇಸ್ ಮಿಸ್ಸಮ್ಮ ತಮ್ಮ ಸೀಮೆಗೆ, ಇಂಗ್ಲೆಂಡಿಗೆ, ಹೊರಟುಬಿಟ್ಟರು. ಹೋಗೋಕೆ ಮುಂಚೆ ಚರ್ಚಿನ ಪಕ್ಕದ ಕೊಠಡಿಯಲ್ಲಿ ನಮ್ಮ ಸಂಗೀತ ಒಂದ್ಸಲ ಕೇಳಬೇಕು ಅಂದಿದ್ದರು. ಅದೇ, ನಿನಗೂ ನನಗೂ ಅವರು ಕಲಿಸಿದ, ಇನ್ನೂರು ವರ್ಷಕ್ಕೂ ಹಳೇದಾದ ಜರ್ಮನಿಯ ಎರಡು ಪಿಟೀಲಿನ ಸಂಗೀತ. ಮೊದಲ ದಿನವೇ ನೀನು "ಅಪ್ಪ, ಇದು ನಮ್ಮ ಕೀರವಾಣಿ ಅಲ್ವಾ!" ಅಂತ ಕೂಗಿದ್ದೆಯಲ್ಲ. ಆಮೇಲೆ ತಾನೇ ನಾವು ಅದರ ಮಧ್ಯೆ ಚಾಪೆ ಮೇಲೆ ಕೂತು ಆಲಾಪನೆ ಸೇರಿಸಿದ್ದು, ಮಿಸ್ಸಮ್ಮ ಕಾಲಲ್ಲಿ ತುಳಿಯೋ ಹಾರ್ಮೋನಿಯಂ ನುಡಿಸಿದ್ದು, ನಿಮ್ಮಮ್ಮ ಶ್ರುತಿ ಪೆಟ್ಟಿಗೆ ಹಿಡಿದದ್ದು.

"ಕಳಿಸ್ತೀವಿ" ಅಂತ ಬೀಗರು ಹೇಳಿಕಳಿಸಿದ್ದರು. ಭಾನುವಾರ ಬೇತಮಂಗಲದ ಬಸ್ಸು ಬಂತು, ನೀನು ಬರಲಿಲ್ಲ. ಮನೇಲಿ ಏನೋ ಕೆಲಸ ಬಿದ್ದಿರುತ್ತೆ ಅಂದ್ಕೊಂಡೆ.

ಮಿಸ್ಸಮ್ಮ "ರಾಯಪ್ಪ, ಶುರು ಮಾಡಿ" ಅಂದರು. ಹೇಗೆ ಮಾಡ್ಲಿ ಹೇಳು? ಅದರಲ್ಲಿ ಎರಡನೇ ಪಿಟೀಲು, ಅಂದ್ರೆ ನಿನ್ನದೇ, ಮೊದಲು ಬಾಯಿಬಿಡಬೇಕು, ಮೊದಲನೇದು ಹಿಂದೆ ಬರಬೇಕು. "ಮಗಳ ಹಿಂದೆ ಅಪ್ಪ ನುಡಿಸೋದಾ?" ಅಂತ ಭಜನೆ ಮಂಡಳಿಯವರು ನಕ್ಕಾಗ, "ಊಂ ಕಣ್ರಪ್ಪಾ, ಏನೀಗ?" ಅಂತ ಎಷ್ಟು ಜಂಬದಿಂದ ಹೇಳಿದ್ದೆ! ನಿನ್ನ ಜಾಗದಲ್ಲಿ ನಿಂತು ನಿನ್ನದನ್ನೇ ನುಡಿಸಿದೆ. ನನ್ನದು ಬರಬೇಕಾದ ಕಡೆ ಬರೀ ಹಾರ್ಮೋನಿಯಂ ಇತ್ತು.

ಅವರ ಸಂಗೀತ ನಮ್ಮ ಹಾಗಲ್ಲ, ಷಡ್ಜ ಬಿಟ್ಟು ಬೇರೆ ಮನೆಗೆ ಹೋಗಿ ತಿರುಗಿ ಬರುತ್ತೆ. ಆಗ ಶ್ರುತಿ ಪೆಟ್ಟಿಗೆ ನಿಲ್ಲಿಸು ಅಂತ ನಿಮ್ಮಮ್ಮನಿಗೆ ನೂರು ಸಲ ಹೇಳಿದ್ದೆ. ಅವಳು ನಿಲ್ಲಿಸಲೇ ಇಲ್ಲ. ಕಿವಿಗೆ ಮರಳು ಹಾಕಿದಂಗಿತ್ತು. ಆಮೇಲೆ ಕೇಳಿದ್ದಕ್ಕೆ, "ಆಡಿನ ಮಧ್ಯೆ ಶ್ರುತಿ ನಿಲ್ಸಬಾರ್ದು. ಅದು ಎಲ್ಲಿಗಾದ್ರೂ ಓಗ್ಲಿ, ವಾಪಸ್ ಬಂದಾಗ ನಾವು ಇಲ್ಲೇ ಇರಬೇಕು" ಅಂದಳು, ಬಾಗಿಲ ಕಡೆ ನೋಡ್ತಾ. ಮಿಸ್ಸಮ್ಮ ಕಣ್ಣು ಒರೆಸಿಕೊಂಡರು. ನನಗೂ ಅಳು ಬಂತಮ್ಮ.

ಅಳಿಯಂದಿರಿಗೆ, ಬೀಗರಿಗೆ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಹೊಟ್ಟೆ ತಣ್ಣಗಿಟ್ಟಿರಲಿ.

ನಿನ್ನ ಅಪ್ಪ
ವೆಂಕಟರಾಯಪ್ಪ

ತಾ. ಕ.: ನಿನ್ನೆ ನಿನ್ನ ಮೈದುನ ಆಂಜನಪ್ಪ ಬಂದು ನಿನ್ನ ಪಿಟೀಲು ಇಟ್ಟುಹೋದ. "ಇನ್ ಇದು ಬ್ಯಾಡ್ವಂತೆ ಮಾವ" ಅಂದ, ಅಷ್ಟೇ. ನಿಮ್ಮಮ್ಮ ನಿಮ್ಮತ್ತೆಗೆ ಬಾಯಿಗೆ ಬಂದಂಗೆ ಬೈದಳು. ನಾನೂ ಬೈಯೋಣ ಅಂತಲೇ ಪೆಟ್ಟಿಗೆ ತೆಗೆದೆ. ಕಮಾನಿನ ಕೂದಲು ಸಡಿಲ ಮಾಡಿತ್ತು. ತಂತಿ ಕೆಳಗೆ ಮೆತ್ತನೆ ಬಟ್ಟೆ ಮಡಿಸಿಟ್ಟಿತ್ತು, ನಾನು ಹೇಳಿಕೊಟ್ಟ ಹಾಗೇ. ಆ ಮನೇಲಿ ಹಾಗೆ ಕಟ್ಟೋಕೆ ಬರೋದು ನಿನಗೊಬ್ಬಳಿಗೇ ಅಲ್ವೇನಮ್ಮ? ನಿಮ್ಮಮ್ಮನಿಗೆ ನಾನು ಹೇಳಿಲ್ಲ. ಅವಳು ಇನ್ನೂ ನಿಮ್ಮತ್ತೆಯನ್ನೇ ಬೈತಿದ್ದಾಳೆ.